ಗ್ರಹಣಕ್ಕೆ ಕತ್ತರಿಸಿದ ಎದೆಯ ಚಿತ್ರ

ಸಕಲ ಪ್ರಾಣಿಗಳ ಹೃದಯದಲ್ಲಿ ನೆಲೆಸಿರುವ ಭಗವಂತನಿಗೆ ಮೊದಲ ನಮಸ್ಕಾರ. ಆ ಹೃದಯವನ್ನು ಬೆಳಕಿಗೆ ಹಿಡಿದು ನೋಡಬಲ್ಲ ವೈದ್ಯರಿಗೆ ಎರಡನೆಯದು. ನನ್ನ ಅವಿವೇಕವನ್ನು ಸಹಿಸಿಕೊಂಡವರಿಗೆ ಉಳಿದವೆಲ್ಲ.

ಮೊನ್ನೆ ಹಳೆಯ ಪಂಚಾಂಗಗಳ ಕಟ್ಟು ಬಿಚ್ಚುವಾಗ ಒಂದು ಲಕೋಟೆ ಸಿಕ್ಕಿತು. ತೆರೆದೊಡನೆ ಹುಳಿಹುಳಿ ವಾಸನೆ... ಒಳಗೆ, ನಡುವೆ ಕತ್ತರಿಸಿ ಬಿಳಿ ಪ್ಲಾಸ್ಟರಿನಿಂದ ಮತ್ತೆ ಕೂಡಿಸಿದ ಎಕ್ಸ್‌ರೇ ಫಿಲ್ಮು. ಕುಂದಾಪುರದ ಮಕ್ಕಳ ಡಾಕ್ಟರು ಕಣ್ಣೆದುರು ಬಂದು ನಿಂತರು.

ಕಿರಿಮಂಜೇಶ್ವರದ ನಮ್ಮ ಮನೆಯಲ್ಲಿ ಮೊಮ್ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಹಾಲು ಕುಡಿಯುವಾಗ ಏದುಸಿರು, ಹಣೆಯಲ್ಲಿ ಬೆವರು. ಡಾಕ್ಟರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿ ಎಕ್ಸ್‌ರೇ ತೆಗೆಸಿದರು. ಹೃದಯದ ನೆರಳು ಇರಬೇಕಾದುದಕ್ಕಿಂತ ಅಗಲವಾಗಿತ್ತು. ಹೃದಯದೊಳಗಿನ ಗೋಡೆಯಲ್ಲಿ ಹುಟ್ಟಿನಿಂದಲೇ ರಂಧ್ರವಿದೆಯೆಂದು ಅದೇ ವಾರ ದೊಡ್ಡ ಆಸ್ಪತ್ರೆಯ ಸ್ಕ್ಯಾನಿನಲ್ಲಿ ತಿಳಿಯಿತು. ತಾನಾಗಿ ಮುಚ್ಚಲೂಬಹುದು, ಇಲ್ಲವಾದರೆ ಶಸ್ತ್ರಚಿಕಿತ್ಸೆ. ಔಷಧಿ ಬರೆದುಕೊಟ್ಟ ಕುಂದಾಪುರದ ಡಾಕ್ಟರು, "ಈ ಫಿಲ್ಮ್ ಜೋಪಾನ ಭಟ್ರೆ" ಎಂದಿದ್ದರು.

ಜೋಪಾನವಾಗಿಯೇ ಇಟ್ಟಿದ್ದೆ, ಸೂರ್ಯಗ್ರಹಣ ಬರುವ ತನಕ. ಕಣ್ಣಿಗೆ ಕಂಡ ಗ್ರಹಣಕ್ಕೇ ಸ್ನಾನಜಪಗಳೆಂದು ಶಾಸ್ತ್ರ. ಎಕ್ಸ್‌ರೇ ಫಿಲ್ಮಿನ ಮರೆಯಿಂದ ನೋಡುವುದು ಆಗಿನ ಊರ ರೂಢಿ. ಫಿಲ್ಮನ್ನು ಕತ್ತರಿಯಿಂದ ಎರಡು ಮಾಡಿ, ಬಲಭಾಗವನ್ನು ನಾನಿಟ್ಟುಕೊಂಡು, ಎಡಭಾಗವನ್ನು ಬೇಲಿಯಾಚೆಯ ಮೀನು ಮಾರುವ ಅಕ್ಕನಿಗೆ ಕೊಟ್ಟೆ. ಗ್ರಹಣಕಾಲದ ದಾನ ವಿಶೇಷ ಫಲದ್ದೆಂಬ ಸಂತೋಷ ಬೇರೆ.

ಕೆಲವು ವಾರ ಕಳೆದು ಮಗುವಿಗೆ ಮತ್ತೆ ಏದುಸಿರು, ಜೊತೆಗೆ ಕೆಮ್ಮು. ಡಾಕ್ಟರು ಹೊಸ ಚಿತ್ರ ತೆಗೆಸಿ, ಹೋಲಿಸಿ ನೋಡಲು ಹಳೆಯದನ್ನು ಕೇಳಿದರು. ಹೃದಯ ಹಿಗ್ಗಿದ್ದರೆ ಅಂದೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ನಾನು ನನ್ನ ತುಂಡನ್ನು ಮುಂದಿಟ್ಟೆ.

"ಇದೆಂತ ಭಟ್ರೆ, ಅರ್ಧ?"

"ಗ್ರಹಣ ಕಾಂಬುಕೆ..."

"ಗ್ರಹಣ ಕಾಂಬುಕೆ ಹೆಣ್ಣ್ ಮಗಿನ್ ಎದಿ ಕತ್ತರ್ಸಿದ್ರ್ಯಾ? ಇದ್ರಗೆ ಸೂರ್ಯನ್ ಕಂಡ್ರೆ ಕಣ್ಣ್ ಹೋತ್ತ್, ಗೊತ್ತಿತ್ತಾ? ಹೃದಯ ಯಾವ್ ಬದಿಗೆ ಇಪ್ಪುದ್?"

"ಎಡಬದಿಗೆ."

"ಅದೆಲ್ಲಿತ್ತ್?"

"ಮೀನ್ ಮಾರು ಅಕ್ಕನ್ ಮನಿಯಗೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಲವತ್ತು ವರ್ಷ ವೇದಪಾಠ ಹೇಳಿದ ನಾನು ಪಾಠ ಒಪ್ಪಿಸಲಾಗದ ಶಿಷ್ಯನಂತೆ ನಿಂತಿದ್ದೆ. ಮಗುವನ್ನೆತ್ತಿಕೊಂಡ ಸೊಸೆ ನನ್ನ ಮುಖವನ್ನೇ ನೋಡಲಿಲ್ಲ.

ಮನೆಗೆ ಫೋನು ಮಾಡಿಸಿದೆ. ಒಂದು ಗಂಟೆಯ ಮೇಲೆ ಅಕ್ಕನೇ ಬಸ್ಸಿಳಿದು, ಮೀನಿನ ಬುಟ್ಟಿ ಸಮೇತ ಒಳಗೆ ಬಂದರು.

"ಹ್ವಾಯ್ ಭಟ್ರೆ, ನಿಮ್ ಮೊಮ್ಮಗಳ್ ಹೃದಯ ನಮ್ ಅಡ್ಗಿ ಮನಿ ಕಿಟ್ಕಿಯಗಿತ್ತ್! ಗಾಜ್ ಒಡ್ದಿತ್ತಲೆ, ಕಾಕಿ ಹಾರಿ ಒಳಗ್ ಬಪ್ಪುಕಾಗ ಅಂದ್ ಸಿಕ್ಸಿದ್ದೆ."

ಡಾಕ್ಟರು ಎರಡೂ ತುಂಡುಗಳನ್ನು ಪ್ಲಾಸ್ಟರಿನಿಂದ ಕೂಡಿಸಿ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಹೃದಯದ ನಡುವೆ ಗುಂಡನೆಯ ಚುಕ್ಕೆ! ರಂಧ್ರವೆಂದೇ ತಿಳಿದು ನಾನು ಮುಂದೆ ಬಾಗಿದೆ. ಡಾಕ್ಟರು ಉಗುರಿನಿಂದ ಮೆಲ್ಲಗೆ ಕೆರೆದರು.

"ಹೆದ್ರಬೇಡಿ. ಮೀನಿನ್ ಹುರುಪೆ."

"ತಾಜಾ ಮೀನಿದ್ದೇ ಮಾರಾಯ್ರೆ" ಎಂದು ಅಕ್ಕ ಕೂಡಲೇ ತಮ್ಮ ವ್ಯಾಪಾರದ ಮಾನ ಕಾಪಾಡಿಕೊಂಡರು.

ಅಳತೆಪಟ್ಟಿ ಹಿಡಿದು ಡಾಕ್ಟರು ಎದೆಯ ಅಗಲ, ಹೃದಯದ ಅಗಲ ಅಳೆದರು. ಹೊಸದರಲ್ಲಿಯೂ ಅಳೆದರು. ಮತ್ತೊಮ್ಮೆ ಅಳೆದರು... ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಬುಟ್ಟಿಯ ನೀರು ನನ್ನ ಮಡಿಪಂಚೆಗೆ ಇಳಿಯುತ್ತಿತ್ತು, ನಾನು ಸರಿಯಲಿಲ್ಲ.

"ಎದಿ ಬೆಳ್ದಿತ್ತ್, ಹೃದಯ ಅಷ್ಟ್ ಬೆಳಿಲ್ಲ. ಗುಣ ಆತಾ ಇತ್ತ್. ಇದ್ ಬರೀ ಥಂಡಿ, ಮನಿಗೆ ಹೋಯ್ನಿ" ಎಂದ ಡಾಕ್ಟರು, ಬಾಗಿಲ ತನಕ ಬಂದು ಸೇರಿಸಿದರು: "ಹೆಣ್ಣನ್ನ್ ಶಾಲಿಗ್ ಸೇರ್ಸುವತ್ತಿಗೆ ಒಂದ್ಸಲ ಕರ್ಕಂಡ್ ಬನ್ನಿ. ಓಡುದ್ ಕಾಣ್ಕ್ ನಂಗೆ."

ಮುಂದಿನ ಸ್ಕ್ಯಾನುಗಳಲ್ಲಿ ರಂಧ್ರ ಕಿರಿದಾಗುತ್ತ ಬಂದು ಮುಚ್ಚಿತು. ಮಗು ಶಾಲೆಗೂ ಸೇರಿತು. ಆದರೆ ನೆಟ್ಟಗಿರುವ ಮಗುವನ್ನು ಡಾಕ್ಟರ ಬಳಿಗೆ ಯಾರು ಒಯ್ಯುತ್ತಾರೆ? ಇಂದು ಏಕಾದಶಿ, ನಾಳೆ ಪರೀಕ್ಷೆ, ಬರುವ ತಿಂಗಳು ನೋಡೋಣ... ಹೀಗೆ ಮುಂದೂಡುತ್ತಿದ್ದಾಗಲೇ ಅವರು ತೀರಿಕೊಂಡ ಸುದ್ದಿ ಬಂತು. ಆ ಸಂಜೆ ಮೊಮ್ಮಗಳು ಕಡಲದಂಡೆಯಲ್ಲಿ ಅಲೆಗಳ ಮುಂದೆ ಓಡುತ್ತಿದ್ದಳು. ನೋಡಲು ನಾನೊಬ್ಬನೇ ಇದ್ದೆ.

ಆ ವೈದ್ಯರಿಗೆ ಸದ್ಗತಿಯಾಗಲಿ. ಹೃದಯವನ್ನು ಬಸ್ಸಿನಲ್ಲಿ ಹೊತ್ತು ತಂದ ಅಕ್ಕನ ಮನೆ ತುಂಬಿರಲಿ. ಎರಡು ದಿನ ನನ್ನೊಡನೆ ಮಾತು ಬಿಟ್ಟ ಸೊಸೆಗೆ ನೂರು ವರ್ಷ ಆಯುಸ್ಸಿರಲಿ. ಏದುಸಿರು ಬಿಡುವ ಪ್ರತಿಯೊಂದು ಮಗುವಿಗೂ, ಮತ್ತೊಮ್ಮೆ ಅಳೆದು ನೋಡುವವರೊಬ್ಬರು ಸಿಗಲಿ.