ಕುಳ್ಳಪ್ಪ ಹೊಲಿದ ಬೂಟು

ಹರಳೆಣ್ಣೆ ಸವರಿದ ತೊಗಲಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ಮೊನ್ನೆ ಕೊಳ್ಳೇಗಾಲದಲ್ಲಿ ಮಗಳಿಗೆ ಬೂಟು ಕೊಡಿಸಲು ಹೋದಾಗಲೂ ಹಾಗೇ ಆಯಿತು. ಅಂಗಡಿಯ ಪಕ್ಕದ ಜಗಲಿಯಲ್ಲಿ ಯಾರೋ ಹಳೆಯ ಮೆಟ್ಟಿಗೆ ಎಣ್ಣೆ ತಿಕ್ಕುತ್ತಿದ್ದರು. ಮಗಳು ಕೈ ಜಗ್ಗುತ್ತಲೇ ಇದ್ದಳು, ನಾನು ಮಾತ್ರ ಶಾಗ್ಯದ ನಮ್ಮ ಹಳೆಯ ಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ಬಾಗಿಲ ಮೂಲೆ ನನ್ನ ಅಜ್ಜಿಯ ಮೆಟ್ಟಿನ ಜಾಗ. ವಾರಕ್ಕೊಮ್ಮೆ ಅವಳು ಅದಕ್ಕೆ ಹರಳೆಣ್ಣೆ ಹಾಕುತ್ತಿದ್ದಳು. ಹಾಕುವುದು ಅಂದರೆ ಅವಳಿಗೆ ಸಿಟ್ಟು, ಕುಡಿಸುವುದು ಅನ್ನಬೇಕು.

ನಮ್ಮ ಮನೆಗೆ ಡಿಶ್ ಬಂದ ವರ್ಷ ಸಂಜೆ ಹೊತ್ತು ಮಕ್ಕಳ ದೆವ್ವದ ಧಾರಾವಾಹಿಯೊಂದು ಬರುತ್ತಿತ್ತು. ಹೊರದೇಶದ್ದು, ಮಾತು ತಮಿಳಿನದು. ಅಜ್ಜಿಯ ತವರು ಗಡಿಯಾಚೆ, ಹಾಗಾಗಿ ದೆವ್ವ ಏನಂದಿತು ಎಂಬುದು ನನಗೆ ತಿಳಿಯುತ್ತಿದ್ದದ್ದು ಅವಳ ಬಾಯಿಂದಲೇ. ಒಂದು ಸಂಜೆ ಐರ್ಲೆಂಡಿನ ಕುಳ್ಳನೊಬ್ಬ ಬಂದ. ಅಂಥವರಿಗೆ ಆ ದೇಶದಲ್ಲಿ ಲೆಪ್ರಕಾನ್ ಅನ್ನುತ್ತಾರಂತೆ, ನಮಗೆ ಅವನು ಕುಳ್ಳಪ್ಪ. ಮೊಣಕಾಲೆತ್ತರದ ಆಳು, ಹಸಿರು ಕೋಟು, ಕೆಂಪು ಗಡ್ಡ. ಕಾಮನಬಿಲ್ಲಿನ ಬುಡದಲ್ಲಿ ಹೊನ್ನಿನ ಕೊಪ್ಪರಿಗೆ ಹೂತಿಟ್ಟು, ಮರದಡಿ ಕೂತು ಒಂದೇ ಒಂದು ಬೂಟು ಹೊಲಿಯುತ್ತಿದ್ದ. ಹುಡುಗಿಯೊಬ್ಬಳು ಅದನ್ನು ಕದ್ದು ಕಾಲಿಗೆ ಹಾಕಿಕೊಂಡಳು. ಬೂಟು ಅವಳನ್ನು ಎಳೆದುಕೊಂಡು ಕಾಡಿನೊಳಗೆ ನಡೆಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಮಾರನೆಯ ಬೆಳಗ್ಗೆಯಿಂದ ನಾನು ಬೂಟು ಮುಟ್ಟಲಿಲ್ಲ. ಹನೂರಿನ ನಮ್ಮ ಶಾಲೆಯಲ್ಲಿ ಬೂಟಿಲ್ಲದವರಿಗೆ ಒಳಗೆ ಜಾಗವಿರಲಿಲ್ಲ. ಅವ್ವ ಮುದ್ದು ಮಾಡಿದಳು, ಅಪ್ಪ ಗದರಿದ, ವ್ಯಾನಿನವನು ಹಾರನ್ ಹೊಡೆದು ಸಾಕಾಗಿ ಹೊರಟುಹೋದ. ಹೀಗೇ ಆದರೆ ಹೆಸರು ತೆಗೆಯುತ್ತೇವೆಂದು ಶಾಲೆಯಿಂದ ಹೇಳಿಕಳಿಸಿದರು. ತೆಗೆಯಲಿ, ಕುರಿ ಕಾಯಲಿ ಎಂದುಬಿಟ್ಟ ಅಪ್ಪ. ಆ ಮಾತು ಅಜ್ಜಿಗೆ ಚುಚ್ಚಿತು. ಕುರಿ ಕಾಯುತ್ತಲೇ ಬೆಳೆದು, ಶಾಲೆಯ ಹೊಸಿಲನ್ನೇ ಕಾಣದವಳು ಅವಳು. ಯಾರಿಗೂ ಹೇಳದೆ ಬರಿಗಾಲಿನ ನನ್ನನ್ನು ಬಸ್ಸು ಹತ್ತಿಸಿದಳು. ಯಳಂದೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಬಿಳಿಗಿರಿರಂಗನ ಬೆಟ್ಟಕ್ಕೆ ಹೋದೆವು.

ಆ ಬೆಟ್ಟದ ದೇವರಿಗೆ ತೊಗಲಿನ ದೊಡ್ಡ ಮೆಟ್ಟು ಹೊಲಿದು ಒಪ್ಪಿಸುವುದು ನಮ್ಮ ಸೀಮೆಯ ವಾಡಿಕೆ. ರಂಗಪ್ಪ ಅದನ್ನು ಮೆಟ್ಟಿಕೊಂಡು ಕಾಡು ಸುತ್ತುತ್ತಾನೆ, ಸವೆದರೆ ಹೊಸದು ಹೊಲಿಯುತ್ತಾರೆ. ಪೂಜಾರಿಗಳು ಆ ಮೆಟ್ಟನ್ನು ನನ್ನ ತಲೆಗೆ ಮುಟ್ಟಿಸಿದರು. ಅದೇ ವಾಸನೆ, ನಮ್ಮ ಬಾಗಿಲ ಮೂಲೆಯದು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಅಜ್ಜಿ ನಿಧಾನವಾಗಿ ಹೇಳಿದಳು:

"ಕುಳ್ಳಪ್ಪ ಒಲೀತಿದ್ದದ್ದು ಇಂಥ ಕಾಡೊಡ್ಯಂಗೇ ಕಣಮ್ಮಿ. ಮೆಟ್ಟು ಯಾವತ್ತೂ ಒಡ್ಯನ ಆದಿನೇ ಇಡೀತದ. ಆ ಉಡ್ಗಿ ದ್ಯಾವ್ರುದ್ನ ಕದ್ದು ಮೆಟ್ಕಂಡ್ಲು, ಅದು ಕಾಡ್ಗೋಯ್ತು. ನಿನ್ ಬೂಟು ನಿಂದು. ಅದು ಇಸ್ಕೂಲ್ಗೇ ಓಯ್ತದ."

ಮಾರನೆಯ ದಿನ ವ್ಯಾನಿನವನು ಎರಡನೇ ಸಲ ಹಾರನ್ ಹೊಡೆಯಬೇಕಾಗಲಿಲ್ಲ.

ಈಚೆಗೆ ಆ ಕಂತು ಫೋನಿನಲ್ಲಿ ಸಿಕ್ಕಿತು. ಪೂರ್ತಿ ನೋಡಿದೆ. ಕುಳ್ಳಪ್ಪ ಶುದ್ಧ ಕೇಡಿಗ, ಕಾಡೊಡೆಯನ ಸುದ್ದಿಯೇ ಇಲ್ಲ. ಕುತೂಹಲ ತಡೆಯದೆ ಐರ್ಲೆಂಡಿನ ಜನಪದ ಕತೆಗಳನ್ನು ಹುಡುಕಿ ಓದಿದೆ. ಅಲ್ಲಿ ಅವನು ಕಾಣದ ಲೋಕದವರಿಗೆ ಮೆಟ್ಟು ಹೊಲಿದುಕೊಡುವ ಮೋಚಿಯಂತೆ. ಓಡಿಹೋಗಿ ಅಜ್ಜಿಗೆ ಹೇಳಬೇಕೆನಿಸಿತು. ಹೇಳಲು ಅವಳಿಲ್ಲ ಎಂಬುದು ಆಗ ಹೊಸದಾಗಿ ಗೊತ್ತಾದಂತೆ ಅತ್ತುಬಿಟ್ಟೆ.

ಅವಳು ಹೋದ ಮೇಲೆ ಅವಳ ಮೆಟ್ಟನ್ನು ಬೇಲಿಗೆ ಎಸೆಯಲು ಹೊರಟಿದ್ದರು, ನಾನು ಬೇಡಿ ತಂದುಕೊಂಡೆ. ಆಮೇಲೆ ಚಿಕ್ಕಪ್ಪ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ವಾರಕ್ಕೊಮ್ಮೆ ನಾನೇ ಈಗ ಮೆಟ್ಟಿಗೆ ಎಣ್ಣೆ ಕುಡಿಸುತ್ತೇನೆ. ಅಳತೆ ನನ್ನ ಕಾಲಿಗೆ ಸರಿಯಾಗಿಯೇ ಇದೆ. ಒಮ್ಮೆ ಹಾಕಿ ನೋಡು ಎಂದು ಮಗಳು ಕಾಡುತ್ತಾಳೆ. ನನಗೆ ಧೈರ್ಯವಿಲ್ಲ. ಅದು ಒಡತಿಯ ಹಾದಿ ಹಿಡಿದು ನೆಟ್ಟಗೆ ಶಾಗ್ಯಕ್ಕೆ ಹೋಗುತ್ತದೆ, ಹೋಗಿ ಆ ಬಾಗಿಲನ್ನು ಹುಡುಕುತ್ತದೆ.