ಮನೆತನದಲ್ಲಿ ಯಾರಿಗಾದರೂ ಹೃದಯದ ಕಾಯಿಲೆ?

ಫಾರಂನಲ್ಲಿ ಒಂದು ಕಾಲಂ ಖಾಲಿ ಇದ್ದರೂ ಗ್ರಾಹಕರನ್ನು ವಾಪಸ್ ಕಳಿಸುವವಳು ನಾನು. ಧಾರವಾಡದಿಂದ ವಿಜಯವಾಡಕ್ಕೆ ವರ್ಗವಾಗಿ ಬಂದರೂ ಬ್ಯಾಂಕಿನಲ್ಲಿ ಆ ಹೆಸರು ನನ್ನ ಬೆನ್ನು ಬಿಡಲಿಲ್ಲ. ಅಂಥವಳು ಆಸ್ಪತ್ರೆಯ ಫಾರಂನಲ್ಲಿ ‘ಮನೆತನದಲ್ಲಿ ಯಾರಿಗಾದರೂ ಹೃದಯದ ಕಾಯಿಲೆ?’ ಎಂಬಲ್ಲಿ ಹಿಂದೆಮುಂದೆ ನೋಡದೆ ‘ಇಲ್ಲ’ ಎಂದು ಬರೆದುಬಿಟ್ಟೆ. ಅಪ್ಪನಿಗೆ ಎಂಬತ್ತು, ಈಗಲೂ ಎರಡು ಹೊತ್ತು ವಾಕಿಂಗ್ ಹೋಗುತ್ತಾರೆ. ಕಾಕಂದಿರೂ ಗಟ್ಟಿಮುಟ್ಟು. ಇನ್ಯಾರನ್ನು ನೆನೆಯಬೇಕಿತ್ತು?

ನನಗೆ ನಲವತ್ನಾಲ್ಕು. ಸಕ್ಕರೆ ಕಾಯಿಲೆಯಿಲ್ಲ, ಬಿಪಿ ಇಲ್ಲ, ಆದರೂ ಹೃದಯಾಘಾತ. ಹೃದಯಕ್ಕೆ ರಕ್ತ ಒಯ್ಯುವ ನಾಳದ ಒಳಪದರ ತಾನಾಗಿಯೇ ಹರಿದಿದೆ ಎಂದರು ಡಾಕ್ಟರು. ಇದು ಹೆಚ್ಚಾಗಿ ಹೆಂಗಸರಿಗೆ ಬರುತ್ತದಂತೆ, ಬಾಣಂತಿಯರಿಗೂ ಬರುವುದುಂಟಂತೆ. ಎಲ್ಲರಿಗೂ ವಂಶದಿಂದ ಬಂದದ್ದಲ್ಲ, ಆದರೆ ಕೆಲವು ಮನೆತನಗಳಲ್ಲಿ ನಾಳದ ಗೋಡೆ ಹುಟ್ಟಿನಿಂದಲೇ ಮೆದುವಾಗಿರಬಹುದಂತೆ. ನಿಮ್ಮಲ್ಲಿ ಯಾರಿಗೂ ಇಲ್ಲವಲ್ಲ, ಒಳ್ಳೆಯದು ಎಂದು ಅವರೂ ಹಾಳೆ ತಿರುವಿದರು.

ನನ್ನ ಒಬ್ಬಳೇ ತಂಗಿ ವಿಶಾಖಪಟ್ಟಣದ ಮಧುರವಾಡದಲ್ಲಿ ತೆಲುಗು ಮನೆಯ ಸೊಸೆ. ಆಗ ಅವಳು ಹೆಣ್ಣು ಕೂಸು ಹೆತ್ತು ಎರಡು ವಾರ. ನಮಗೆ ಅಮ್ಮನಿಲ್ಲ, ಹಾಗಾಗಿ ಅವಳ ಅತ್ತೆಯೇ ಬಾಣಂತನ ಮಾಡುತ್ತಿದ್ದರು. ಬಾಣಂತಿಯ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು, ಎದೆಹಾಲು ಬತ್ತುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ಕಟ್ಟಾಜ್ಞೆ. ಐಸಿಯುನಿಂದ ಹೊರಬಂದವಳೇ ಫೋನಿನಲ್ಲಿ, “ಗ್ಯಾಸ್ ಎದಿಗೆ ಏರಿತ್ತು, ಈಗ ಆರಾಮ ಅದೀನಿ” ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು!

ಮನೆಗೆ ಬಂದ ಮೇಲೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಾಡಿ ಹಿಡಿದು ನೋಡಿಕೊಳ್ಳುವುದು, ಬಾಲ್ಕನಿಗೆ ಹೋಗುವುದು, ಮತ್ತೆ ನಾಡಿ. ಮೂರು ವಾರ ಹೀಗೇ ಕಳೆಯಿತು. ಪಿತೃಪಕ್ಷ ಬಂತು. ಅವಿಧವಾ ನವಮಿಯ ಬೆಳಿಗ್ಗೆ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಫೋನ್ ಮಾಡಿದರು. ಗಂಡನಿಗಿಂತ ಮೊದಲು ಸತ್ತ ಹೆಂಗಸರ ಹೆಸರಿನಲ್ಲಿ ಮುತ್ತೈದೆಯರಿಗೆ ಊಟ ಹಾಕಿ ಖಣ ಕೊಡುವ ದಿನ ಅದು.

“ಮೂರು ಮಂದಿಗೆ ಹೇಳೀನಿ. ನಿಮ್ಮಜ್ಜಿ ಹೆಸರಿಲೆ ಒಬ್ಬಾಕಿ, ನಿಮ್ಮ ಚಿಕ್ಕಮ್ಮನ ಹೆಸರಿಲೆ ಒಬ್ಬಾಕಿ, ನಿಮ್ಮಮ್ಮನ ಹೆಸರಿಲೆ ಒಬ್ಬಾಕಿ. ಪುಣ್ಯವಂತರು, ಮೂವರೂ ಕುಂಕುಮ ಇಟಗೊಂಡು ಹೋದ್ರು.”

ಮೂವರೂ ಅಮ್ಮನ ಕಡೆಯವರು. ಅಜ್ಜಿ ಬಾವಿಕಟ್ಟೆಯ ಮೇಲೆ ಕುಸಿದದ್ದು. ಚಿಕ್ಕಮ್ಮ ಕೂಸಿಗೆ ಒಂದು ತಿಂಗಳಾಗಿದ್ದಾಗ ಹೋದದ್ದು. ಅಮ್ಮ ನಲವತ್ತೊಂದರಲ್ಲಿ, ಹಪ್ಪಳ ಒಣಹಾಕುತ್ತ. ಏಕೆ ಸತ್ತರೆಂದು ಯಾರೂ ಕೇಳಲಿಲ್ಲ. ಪುಣ್ಯ ಎಂದರು, ಉಂಡರು, ಕೈತೊಳೆದರು. ನಾನೂ ವರ್ಷವರ್ಷ ಆ ಊಟ ಬಡಿಸಿದವಳೇ. ಮನೆತನ ಎಂದಾಗ ಅಪ್ಪನನ್ನೂ ಕಾಕಂದಿರನ್ನೂ ಲೆಕ್ಕ ಹಿಡಿದೆನಲ್ಲ! ಸ್ವಲ್ಪ ತಪ್ಪಿದ್ದರೆ ದೊಡ್ಡಮ್ಮ ಈ ಸಲ ನಾಲ್ಕು ಮಂದಿಗೆ ಹೇಳಬೇಕಾಗುತ್ತಿತ್ತು. ಸಿಟ್ಟಿನಲ್ಲಿ ಮಾತೂ ಮುಗಿಸದೆ ಫೋನ್ ಇಟ್ಟು ತಂಗಿಗೆ ಹಚ್ಚಿದೆ.

“ಮುಂಜಾನಿಂದ ಎದಿ ಹಿಡದಂಗ ಆಗೇದ ಅಕ್ಕಾ, ಎಡಗೈನೂ ಜಗ್ಗಲಿಕತ್ತದ. ಅತ್ತಯ್ಯ ಓಮಿನ ನೀರು ಕೊಟ್ಟಾರ. ನಿನಗೂ ಹಿಂಗ ಗ್ಯಾಸ್ ಆಗಿತ್ತಲ್ಲ?”

“ಅದು ಗ್ಯಾಸ್ ಅಲ್ಲ! ನನಗ ಹಾರ್ಟ್ ಅಟ್ಯಾಕ್ ಆಗಿತ್ತು. ನಿನಗ ಸುಳ್ಳು ಹೇಳಿದೆ. ಏಳು, ಈಗಿಂದೀಗ ಆಸ್ಪತ್ರೆಗೆ ನಡಿ.”

ಅವಳು ಬೈಯಲಿಲ್ಲ, ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಏಮೀ ಕಾದಮ್ಮಾ,” ಏನೂ ಆಗುವುದಿಲ್ಲ ಎಂದು ಅವರು ಸಮಾಧಾನ ಹೇಳತೊಡಗಿದರು. ನನ್ನ ಹರುಕುಮುರುಕು ತೆಲುಗಿನಲ್ಲಿ ಅತ್ತು, ಗದರಿ ಅವರನ್ನು ಹೊರಡಿಸಿದೆ.

ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರು. “ಒಬ್ಬಾಕಿನ್ನ ನೋಡಲಿಕ್ಕೆ ಹೋಗಿ ಇಬ್ಬರೂ ಮಲಗ್ತೀರಿ” ಎಂದು ಗೊಣಗುತ್ತಲೇ ಗಂಡ ಜೊತೆಗೆ ಬಂದರು. ಮಧ್ಯಾಹ್ನವಿಡೀ ರೈಲಿನಲ್ಲಿ ಸೀಟಿಗೂ ಬಾಗಿಲಿಗೂ ಅಲೆದೆ. ವಿಶಾಖಪಟ್ಟಣಕ್ಕೆ ಮುಂಚಿನ ದುವ್ವಾಡದ ಹತ್ತಿರ ಸಿಗ್ನಲ್ ಸಿಗದೆ ರೈಲು ನಿಂತಾಗ ಇಳಿದು ಓಡಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ತಂಗಿಯ ಗಂಡನ ಮೆಸೇಜು ಬಂತು: ಅವಳಿಗೂ ಅದೇ ಆಗಿದೆ, ನಾಳ ಹರಿದಿದೆ, ಹೊತ್ತಿಗೆ ಸರಿಯಾಗಿ ಬಂದಿದ್ದಾರೆ.

ಸಂಜೆ ನಾನು ಮುಟ್ಟುವ ಹೊತ್ತಿಗೆ ತಂಗಿ ಔಷಧಿಯ ಮಂಪರಿನಲ್ಲಿದ್ದಳು. ಅವಳ ಫಾರಂ ಮಂಚದ ಬುಡದಲ್ಲಿತ್ತು. ಅದೇ ಕಾಲಂ, ಗಡಿಬಿಡಿಯಲ್ಲಿ ಅವಳ ಗಂಡ ಬರೆದ ಅದೇ ‘ಇಲ್ಲ’. ಹೊಡೆದುಹಾಕಿ ಬರೆದೆ: ಅಜ್ಜಿ, ಚಿಕ್ಕಮ್ಮ, ಅಮ್ಮ, ಅಕ್ಕ. ಕೊನೆಯದರ ಪಕ್ಕದಲ್ಲಿ ‘ಬದುಕಿದ್ದಾಳೆ’ ಎಂದು ಸೇರಿಸಿದೆ.

ತಂಗಿ ಯಾವಾಗ ಕಣ್ಣು ಬಿಟ್ಟಳೋ, ಓದುತ್ತಿದ್ದಳು.

“ಇದರದೊಂದು ಝೆರಾಕ್ಸ್ ತಗಸಿಡು ಅಕ್ಕಾ,” ಎಂದಳು. “ಕೂಸಿಗೆ ಬೇಕಾಗ್ತದ.”