ಪರದೆಗೆ ಬೆನ್ನು ತಿರುಗಿಸಿ ಹಾಡಿದಾಕೆ

ಮಲೇಷ್ಯಾದ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯಲ್ಲಿ ನನ್ನ ಎದುರಿನ ಬೆಂಚಿನಲ್ಲಿ ಲಾವೋಸ್‌ನ ಒಬ್ಬಾಕೆ ಕೆಲಸ ಮಾಡುತ್ತಿದ್ದಳು. ಎಲ್ಲರೂ ಅವಳನ್ನು ಥಾಯ್ ಅಂದುಕೊಳ್ಳುತ್ತಿದ್ದರು, ನನ್ನನ್ನು ತಮಿಳಿನವನು ಅಂದುಕೊಂಡ ಹಾಗೆಯೇ. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅವಳು ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು, ಕನ್ನಡಕ ಹಣೆಗೇರಿಸಿ, ಅಲ್ಲಿನವರ ಹಾಗೆ ಮಾತಿಗೊಂದು 'ಲಾ' ಸೇರಿಸಿ, "ಥಾಯ್ ಅಲ್ಲ ಲಾ, ಲಾವೋ" ಎನ್ನುತ್ತಿದ್ದಳು. ದಿನಕ್ಕೆ ಹತ್ತು ಸಲವಾದರೂ ಅದೇ ದನಿ. ನನಗೆ ಅದು ಅತಿಯೆನಿಸುತ್ತಿತ್ತು.

ಊಟದ ಹೊತ್ತಿಗೆ ಫೋನಿನಲ್ಲಿ ತನ್ನ ಭಾಷೆಯ ಹೊಸ ಹಾಡು ಹಾಕಿ, ಒಂದು ಇಯರ್‌ಫೋನ್ ನನ್ನ ಕಡೆ ಚಾಚುತ್ತಿದ್ದಳು. "ನಾವು ಚಿಕ್ಕವರಿದ್ದಾಗ ರೇಡಿಯೋ, ಟೀವಿ ಎಲ್ಲ ಗಡಿ ನದಿಯಾಚೆಯ ಥಾಯ್ ಹಾಡೇ. ಪ್ರೀತಿ ಮಾಡೋದಕ್ಕೂ ಅವರ ಭಾಷೆನೇ ಬೇಕು ಅಂದ್ಕೊಂಡಿದ್ವಿ. ಈಗ ನೋಡು, ನಮ್ಮ ಹುಡುಗರ ಹಾಡನ್ನ ಅವರೂ ಕೇಳ್ತಾರೆ!"

ಕಾರ್ಖಾನೆಯ ವಾರ್ಷಿಕ ಔತಣದ ದಿನ ಕರೋಕೆ ಇತ್ತು. ಅವಳ ಮೆಚ್ಚಿನ ಲಾವೋ ಹಾಡು ಯಂತ್ರದಲ್ಲಿ ಸಿಕ್ಕಿತು, ಆದರೆ ಥಾಯ್ ಪಟ್ಟಿಯಲ್ಲಿ. ಪರದೆಯ ಮೇಲೆ ಪದಗಳು ಮೂಡಿದ್ದೂ ಥಾಯ್ ಲಿಪಿಯಲ್ಲೇ. ಅವಳು ಒಂದು ಕ್ಷಣ ನೋಡಿದಳು. ಆಮೇಲೆ ಮೈಕು ಹಿಡಿದು, ಪರದೆಗೆ ಬೆನ್ನು ತಿರುಗಿಸಿ, ಇಡೀ ಹಾಡನ್ನು ಬಾಯಿಪಾಠವಾಗಿ ಹಾಡಿದಳು. ಥಾಯ್ ಸಹೋದ್ಯೋಗಿಗಳೇ ಮೊದಲು ಚಪ್ಪಾಳೆ ತಟ್ಟಿದರು.

ಮೈಕು ನನ್ನ ಕೈಗೆ ಬಂತು. "ತಮಿಳಾ, ಹಿಂದಿಯಾ?" ಎಂದು ಯಂತ್ರದ ಬಳಿ ಕೂತವನು ಕೇಳಿದ. ಅವಳು ನನ್ನನ್ನೇ ನೋಡುತ್ತಿದ್ದಳು. "ಕನ್ನಡ" ಅಂದೆ. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಾನೂ ಪರದೆಗೆ ಬೆನ್ನು ತಿರುಗಿಸಿ, ಚಿಕ್ಕಂದಿನಿಂದ ಕೇಳಿದ ಹಾಡೊಂದನ್ನು ಶುರುಮಾಡಿದೆ.

ಎರಡನೆಯ ಸಾಲು ನೆನಪಾಗಲಿಲ್ಲ.